ಬೆಳ್ಳಿ ಬಣ್ಣ ಹೊಡೆದ ಚಕ್ರ ನಂಬಿ ಮೋಸ ಹೋದೆ, ನೀವು ಹೋಗಬೇಡಿ

ಹಳೇ ಯೆಜ್ಡಿ, ಜಾವಾ ಬೈಕ್ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ವರ್ಷಗಟ್ಟಲೆ ನಿಂತಿದ್ದ ಗಾಡಿ ಆದರೆ ಪೂರ್ತಿ ಓದಿ. ನನಗೆ ಇದು ಗೊತ್ತಾಗಿದ್ದು 84,000 ರೂಪಾಯಿ ಎಣಿಸಿ ಕೊಟ್ಟ ಮೇಲೆ. ಎರಡು ತಿಂಗಳಾಯಿತು, ಮನೆಯವರಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ. ನಾಚಿಕೆ ಆಗುತ್ತಿತ್ತು. ಈಗ ಯಾಕೆ ಹೇಳುತ್ತಿದ್ದೇನೆ ಅನ್ನುವುದನ್ನು ಕೊನೆಗೆ ಬರೆಯುತ್ತೇನೆ.

ನಾನು ಮೈಸೂರಿನವನು. ಯಾದವಗಿರಿಯ ಜಾವಾ ಕಾರ್ಖಾನೆ ಗೇಟಿನ ಮುಂದೆ ಸೈಕಲ್ ಹೊಡೆದು ಬೆಳೆದವನು. 1996ರಲ್ಲಿ ಅದು ಮುಚ್ಚಿದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ನನ್ನದೂ ಒಂದು ಯೆಜ್ಡಿ ರೋಡ್‌ಕಿಂಗ್ ಇರಬೇಕು ಅನ್ನುವ ಆಸೆ ಆಗಿನದು. ಜುಲೈ ಎರಡನೇ ಭಾನುವಾರ, ಈ ಗಾಡಿಗಳವರೆಲ್ಲ ಸೇರುವ ಜಾವಾ ದಿನ ಬರುತ್ತದಲ್ಲ, ಈ ಸಲ ಬೇರೆಯವರ ಗಾಡಿ ನೋಡಿಕೊಂಡು ನಿಲ್ಲಬಾರದು, ನನ್ನದೇ ಗಾಡಿಯಲ್ಲಿ ಹೋಗಬೇಕು ಅಂತ ಮನಸ್ಸು ಮಾಡಿದ್ದೆ. ಆ ಆತುರ ನನ್ನ ಕಣ್ಣು ಕಟ್ಟಿತು.

ತೀರ್ಥಹಳ್ಳಿ ಕಡೆಯ ಒಬ್ಬ ಬ್ರೋಕರ್ ಫೋಟೋ ಕಳಿಸಿದ. 1991ರ ರೋಡ್‌ಕಿಂಗ್. ಹದಿನಾರು ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿದೆ, ಒಬ್ಬರೇ ಓನರ್, ಎಂಜಿನ್ ಜಾಮ್ ಆಗಿಲ್ಲ, ಆರ್‌ಸಿ ಇದೆ ಅಂದ. ಫೋಟೋದಲ್ಲಿ ಟ್ಯಾಂಕಿನ ಮೇಲೆ ಧೂಳು, ಸೀಟು ಹರಿದಿದೆ, ಎರಡೂ ಸೈಲೆನ್ಸರ್ ಕೆಂಪಗೆ ತುಕ್ಕು. ಚಕ್ರ ಮಾತ್ರ ಫಳಫಳ ಅನ್ನುತ್ತಿತ್ತು.

ಇಲ್ಲೇ ನನಗೆ ಹೊಳೆಯಬೇಕಿತ್ತು. ಮಲೆನಾಡಿನ ಮಳೆ, ದನದ ಕೊಟ್ಟಿಗೆ, ಪಕ್ಕದಲ್ಲೇ ಗೊಬ್ಬರದ ಚೀಲ. ಸೈಲೆನ್ಸರ್ ತುಕ್ಕು ಹಿಡಿದಿದೆ, ಹ್ಯಾಂಡಲ್ ತುಕ್ಕು ಹಿಡಿದಿದೆ, ರಿಮ್ಮಿಗೆ ಮಾತ್ರ ಏನೂ ಆಗಿಲ್ಲ ಅಂದರೆ ಹೇಗೆ? ಎಲ್ಲದಕ್ಕೂ ಇರುವುದು ಅದೇ ಕ್ರೋಮ್ ಅಲ್ವಾ? ಈಗ ಕೇಳಿಕೊಳ್ಳುತ್ತೇನೆ. ಆಗ ಕೇಳಿಕೊಳ್ಳಲಿಲ್ಲ.

ರಾತ್ರಿ ಬಸ್ಸಿಗೆ ಹೋಗಿ ಬೆಳಗ್ಗೆ ಗಾಡಿ ನೋಡಿದೆ. ನಾನೇನು ಸುಮ್ನೆ ದುಡ್ಡು ಕೊಟ್ಟು ಬಂದವನಲ್ಲ. ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿ ಜೊತೆ ಇಟ್ಟು ನೋಡಿದೆ. ಕಿಕ್ಕರ್ ಒತ್ತಿ ಕಂಪ್ರೆಷನ್ ನೋಡಿದೆ, ಈ ಗಾಡಿಯಲ್ಲಿ ಕಿಕ್ಕರೇ ಗೇರ್ ಲಿವರ್, ಅದನ್ನೇ ಮಡಚಿ ಗೇರ್ ಹಾಕಿ ನೋಡಿದೆ. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟೆ. ಮೇನ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತಿರುಗಿಸಿದೆ. ಸ್ವಲ್ಪ ಅಡ್ಡಾಡುತ್ತಿತ್ತು. ಕೇಳಿದ್ದಕ್ಕೆ "ಟೈರು ನಿಂತು ನಿಂತು ಚಪ್ಪಟೆ ಆಗಿದೆ ಸಾರ್, ರಿಮ್ ಏನೂ ಆಗಿಲ್ಲ" ಅಂದ.

"ಒಂದ್ಸಲ ಟೈರ್ ಬಿಚ್ಚಿ ನೋಡೋಣವಾ?" ಅಂತ ನಾನು ಕೇಳಿದೆ. ಹೌದು, ಕೇಳಿದೆ. ಅದೇ ಇವತ್ತಿಗೂ ಹೊಟ್ಟೆ ಉರಿಸುವುದು. ಅವನ ಉತ್ತರ ಹೀಗಿತ್ತು:

"ಸಾರ್, ವೀಲ್ ಇಳಿಸ್ಬೇಕು ಅಂದ್ರೆ ಚೈನ್ ಬಿಚ್ಬೇಕು, ಎರಡು ಗಂಟೆ ಕೆಲ್ಸ. ಇಲ್ಲಿ ಹತ್ರದಲ್ಲಿ ಪಂಕ್ಚರ್ ಅಂಗಡಿನೂ ಇಲ್ಲ. ಒರಿಜಿನಲ್ ರಿಮ್ ಸಾರ್ ಇದು, ಫ್ಯಾಕ್ಟರಿದು. ಈಗ ದುಡ್ಡು ಕೊಟ್ರೂ ಸಿಗಲ್ಲ. ಮೇಲ್ ತುಕ್ಕು ಸ್ವಲ್ಪ ಇತ್ತು, ಉಜ್ಜಿಸಿ ಕ್ಲೀನ್ ಮಾಡ್ಸಿದೀನಿ."

ಯೆಜ್ಡಿಯ ಹಿಂದಿನ ಚಕ್ರ ಇಳಿಸಲು ಚೈನ್ ಬಿಚ್ಚಬೇಕಾಗಿಯೇ ಇಲ್ಲ. ಆಕ್ಸಲ್ ಎಳೆದರೆ ಸ್ಪ್ರಾಕೆಟ್ಟು, ಚೈನು ಅಲ್ಲೇ ಉಳಿಯುತ್ತದೆ, ಚಕ್ರ ಮಾತ್ರ ಹೊರಗೆ ಬರುತ್ತದೆ. ಈ ಗಾಡಿಯ ದೊಡ್ಡ ಅನುಕೂಲವೇ ಅದು. ನನಗೆ ಗೊತ್ತಿತ್ತು! ಗೊತ್ತಿದ್ದೂ ತಲೆ ಆಡಿಸಿದೆ. "ಒರಿಜಿನಲ್" ಅನ್ನುವ ಒಂದು ಮಾತು ಕಿವಿಗೆ ಬಿದ್ದಿತ್ತು, ಅಷ್ಟೇ. ಅಲ್ಲೇ ದುಡ್ಡು ಕೊಟ್ಟೆ. ಮೈಸೂರಿಗೆ ಸಾಗಿಸಲು ಗೂಡ್ಸ್ ಗಾಡಿ ಬಾಡಿಗೆ ಬೇರೆ 9,000.

ಮೂರನೇ ದಿನ ನಮ್ಮ ಏರಿಯಾದ ಪಂಕ್ಚರ್ ಅಂಗಡಿಗೆ ಎರಡೂ ಚಕ್ರ ಕೊಂಡೊಯ್ದೆ. ಹೊಸ ಟೈರು ಹಾಕಿಸುವ ಉತ್ಸಾಹ ನನ್ನದು. ಅಂಗಡಿಯ ಹಿರಿಯರು ಮುಂದಿನ ಚಕ್ರ ನೆಲಕ್ಕೆ ಹಾಕಿ, ಟೈರ್ ಲಿವರ್ ಕೊಟ್ಟು ಒಂದು ಸುತ್ತು ಎಬ್ಬಿಸಿದರು. ಟೈರು ಬಿಟ್ಟುಕೊಂಡ ತಕ್ಷಣ ಒಳಗಿನಿಂದ ತುಕ್ಕು ಸುರಿಯಿತು. ಪುಡಿ ಅಲ್ಲ, ಹಪ್ಪಳದ ಚೂರಿನ ಹಾಗೆ ಪದರ ಪದರ. ಒಂದು ಬೊಗಸೆ ಆಗುವಷ್ಟು. ಟ್ಯೂಬಿನಡಿ ಇರುವ ರಿಮ್ ಟೇಪು ಕರಗಿ ರಿಮ್ಮಿಗೇ ಅಂಟಿಕೊಂಡಿತ್ತು. ಅದನ್ನು ಕೆರೆದು, ಸ್ಕ್ರೂಡ್ರೈವರ್ ತುದಿಯನ್ನು ರಿಮ್ಮಿನ ತಳಕ್ಕೆ ಮೆಲ್ಲಗೆ ಒತ್ತಿದರು. ಸುತ್ತಿಗೆ ಇಲ್ಲ, ಹೊಡೆತ ಇಲ್ಲ. ತುದಿ ಆಚೆ ಕಡೆ ಬಂತು.

ಅವರು ಏನೂ ಮಾತಾಡಲಿಲ್ಲ. ರಿಮ್ಮನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಕಡ್ಡಿಯನ್ನು (ಸ್ಪೋಕ್) ರಿಮ್ಮಿಗೆ ಬಿಗಿಯುವ ನಿಪ್ಪಲ್ ತೂತಿನ ಸುತ್ತ ಸಾಸಿವೆ ಗಾತ್ರದ ಬೆಳಕು, ಒಂದಲ್ಲ, ಆರೇಳು ಕಡೆ. ಆಮೇಲೆ ಬಟ್ಟೆಗೆ ಥಿನ್ನರ್ ಹಾಕಿ ಹೊರಗಡೆ ಒರೆಸಿದರು. ಬಟ್ಟೆ ಬೆಳ್ಳಗಾಯಿತು, ರಿಮ್ ಕೆಂಪಾಯಿತು. ಉಜ್ಜಿಸಿ ಕ್ಲೀನ್ ಮಾಡಿಸಿದ್ದಲ್ಲ, ತುಕ್ಕಿನ ಮೇಲೇ ಸಿಲ್ವರ್ ಸ್ಪ್ರೇ ಹೊಡೆದಿದ್ದು. ಚಕ್ರದ ನಡುವಿನ ಹಬ್ (hub) ಹತ್ತಿರ ಒಂದು ಕಡ್ಡಿಯ ಮೇಲೆ ಬಣ್ಣದ ಹನಿ ಇಳಿದು ಒಣಗಿತ್ತು. ಫೋಟೋದಲ್ಲೂ ಆ ಹನಿ ಇದೆ. ಮನೆಗೆ ಬಂದು ಝೂಮ್ ಮಾಡಿ ನೋಡಿದೆ, ಇದೆ.

"ಎಷ್ಟು ಕೊಟ್ರಿ ಸಾರ್ ಗಾಡಿಗೆ?" ಅಂತ ಅವರು ಕೇಳಿದರು. ನಾನು ಇಪ್ಪತ್ತು ಸಾವಿರ ಕಮ್ಮಿ ಮಾಡಿ ಹೇಳಿದೆ. ನಿಜ ಹೇಳಲು ಬಾಯಿ ಬರಲಿಲ್ಲ.

ಹಿಂದಿನ ಚಕ್ರದ್ದೂ ಇದೇ ಕಥೆ. 36 ಕಡ್ಡಿಗಳಲ್ಲಿ ಹದಿನಾಲ್ಕರ ನಿಪ್ಪಲ್ ತಿರುಗಲೇ ಇಲ್ಲ. ಎಣ್ಣೆ ಬಿಟ್ಟು ಎರಡು ದಿನ ಇಟ್ಟರೂ ಇಲ್ಲ. ನಿಪ್ಪಲ್ ಕೀಲಿ ಹಾಕಿ ತಿರುಗಿಸಿದಾಗ ಐದು ಕಡ್ಡಿ ಅಲ್ಲೇ ಮುರಿದವು. ಕಡ್ಡಿ ಬಾಗಿ ಹಬ್ಬಿನೊಳಗೆ ಕೂರುವ ಜಾಗ ಇದೆಯಲ್ಲ, ಅಲ್ಲಿ ಒಂದೊಂದು ಅರ್ಧಕ್ಕರ್ಧ ಸವೆದಿತ್ತು. ಇದೇ ಚಕ್ರದಲ್ಲಿ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಇಳಿದಿದ್ದರೆ? ಇದನ್ನು ನೆನೆಸಿಕೊಂಡಾಗ ದುಡ್ಡಿನ ಸಿಟ್ಟು ಹಿಂದೆ ಹೋಗಿ ಬೇರೆ ಸಿಟ್ಟು ಬರುತ್ತದೆ.

ಆ ಹಿರಿಯರೇ ವಿವರಿಸಿದರು. ನಿಂತ ಗಾಡಿಯ ರಿಮ್ ಕೊಳೆಯುವುದು ಒಳಗಿನಿಂದ. ವಾಲ್ವ್ ತೂತಿನಿಂದ, ನಿಪ್ಪಲ್ ತೂತುಗಳಿಂದ ನೀರು ಒಳಗೆ ಹೋಗುತ್ತದೆ. ರಿಮ್ಮಿನ ನಡುವಿನ ಹಳ್ಳದಲ್ಲಿ ನಿಲ್ಲುತ್ತದೆ. ಟೇಪು ಅದನ್ನು ಒಣಗಲು ಬಿಡುವುದಿಲ್ಲ. ಚಕ್ರ ತಿರುಗದೆ ವರ್ಷಗಟ್ಟಲೆ ನಿಂತರೆ ನೀರೆಲ್ಲ ಕೆಳಗಿನ ಒಂದೇ ಜಾಗಕ್ಕೆ ಇಳಿದು ಅಲ್ಲೇ ತಿನ್ನುತ್ತದೆ. ಹೊರಗೆ ಕಾಣುವ ತುಕ್ಕನ್ನು ಉಜ್ಜಿದರೆ ಹೋಗಬಹುದು. ಒಳಗಿನದು ಟೈರ್ ಬಿಚ್ಚದೆ ಕಾಣುವುದೇ ಇಲ್ಲ.

ಬ್ರೋಕರ್‌ಗೆ ಅವತ್ತೇ ಫೋನ್ ಮಾಡಿದೆ. ಎತ್ತಲಿಲ್ಲ. ಫೋಟೋ ಕಳಿಸಿದೆ, ತೂತು ಕಾಣುವ ಹಾಗೆ. ರಾತ್ರಿ ಹತ್ತಕ್ಕೆ ಉತ್ತರ ಬಂತು: "ಹಳೇ ಗಾಡಿ ಸಾರ್, ತುಕ್ಕು ಇರದೆ ಚಿನ್ನ ಇರತ್ತಾ?"

ಬಣ್ಣ ಹೊಡೆದು ಮುಚ್ಚಿದ್ದು ಯಾಕೆ ಅಂತ ಕೇಳಿದೆ. "ನೀವೇ ನಿಂತು ನೋಡಿ ತಗೊಂಡಿದ್ದು ಅಲ್ವಾ" ಅಂದ. ಟೈರ್ ಬಿಚ್ಚಲು ನೀನೇ ಬಿಡಲಿಲ್ಲ, ಚೈನ್ ಬಿಚ್ಚಬೇಕು ಅಂತ ಸುಳ್ಳು ಹೇಳಿದೆ ಅಂದೆ. ಆಗ ಒಂದು ವಾಯ್ಸ್ ಮೆಸೇಜ್ ಬಂತು. "ನೋಡ್ರೀ, ಎಂಜಿನ್ ಕೊಟ್ಟಿದೀನಿ, ಆರ್‌ಸಿ ಕೊಟ್ಟಿದೀನಿ. ಚಕ್ರಕ್ಕೆಲ್ಲ ಗ್ಯಾರಂಟಿ ಯಾರ್ರೀ ಕೊಡ್ತಾರೆ?" ದುಡ್ಡು ಕೈಗೆ ಬರುವ ತನಕ ಮಾತಿಗೊಮ್ಮೆ ಸಾರ್ ಅಂತಿದ್ದವನು. ಆ ವಾಯ್ಸ್ ಮೆಸೇಜನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಮಾರನೇ ದಿನ ಬ್ಲಾಕ್ ಮಾಡಿದ.

ಗಾಡಿ ನನ್ನ ಹೆಸರಿಗೆ ಮಾಡಿಸಲು ಫಾರಂ 29, 30ಕ್ಕೆ ಸಹಿ ಬೇಕಿತ್ತಲ್ಲ, ಆರ್‌ಸಿ ವಿಳಾಸ ಹಿಡಿದು ಗಾಡಿಯ ನಿಜವಾದ ಮಾಲೀಕರ ಮನೆಗೆ ಹೋದೆ. ವಯಸ್ಸಾದ ದಂಪತಿ, ಒಳ್ಳೆಯ ಜನ. ಸಹಿ ಹಾಕಿಕೊಟ್ಟರು. ಆ ಅಮ್ಮ ಕಾಫಿ ಕೊಡುತ್ತಾ ಹೇಳಿದರು, "ಚಕ್ರ ಎಲ್ಲ ಹೋಗಿತ್ತು ಮಾರಾಯ್ರೇ, ಗುಜರಿಗೇ ಹಾಕ್ಬೇಕು ಅಂತ ಇವ್ರು ಅವನಿಗೆ ಹೇಳಿದ್ರು." ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಸ್ಪ್ರೇ ಹೊಡೆದ. ಅವರು ಎಷ್ಟಕ್ಕೆ ಕೊಟ್ಟಿದ್ದರು ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ.

ಒಂದು ಮಾತು. ತುಕ್ಕು ಹಿಡಿದ ಚಕ್ರವನ್ನು ಹಾಗೇ ತೋರಿಸಿದ್ದರೆ ನಾನು ಗಾಡಿ ಬಿಡುತ್ತಿರಲಿಲ್ಲ. ಅದಕ್ಕೆ ತಕ್ಕ ಹಾಗೆ ರೇಟು ಇಳಿಸಿ ತೆಗೆದುಕೊಳ್ಳುತ್ತಿದ್ದೆ, ಇಬ್ಬರಿಗೂ ನೆಮ್ಮದಿ ಇರುತ್ತಿತ್ತು. ಎರಡು ರಿಮ್, ಎರಡು ಸೆಟ್ ಕಡ್ಡಿ, ಬೇರಿಂಗು, ಚಕ್ರ ಕಟ್ಟಿದ ಕೂಲಿ ಸೇರಿ ನನಗೆ 16,700 ಆಯಿತು. ಟೈರು ಟ್ಯೂಬಿನ ಲೆಕ್ಕ ಬೇರೆ. ಹಳೇ ರಿಮ್ಮಿಗೆ ಮತ್ತೆ ಕ್ರೋಮ್ ಮಾಡಿಸಬಹುದಾ ಅಂತ ಕ್ರೋಮ್ ಮಾಡುವ ಒಬ್ಬರಲ್ಲಿ ಕೇಳಿದೆ. ಹಳ್ಳ ಬಿದ್ದ ಕಬ್ಬಿಣವನ್ನು ಮತ್ತೆ ಉಜ್ಜಿ ಬಫ್ ಮಾಡಿದರೆ ಉಳಿದಿರುವುದೂ ತೆಳ್ಳಗಾಗುತ್ತದೆ, ನಾನು ಮಾಡಲ್ಲ ಅಂತ ಕೈಮುಗಿದರು. ಜುಲೈ ಎರಡನೇ ಭಾನುವಾರ ಚಕ್ರವಿಲ್ಲದ ಗಾಡಿ ಮನೆ ಮುಂದೆ ಇಟ್ಟಿಗೆ ಮೇಲೆ ಕೂತಿತ್ತು.

ಹೋಗುವಾಗ ಜೊತೆಗೆ ಒಂದು ಸಣ್ಣ ಸ್ಪ್ಯಾನರು, ಥಿನ್ನರ್ ಹಾಕಿದ ಬಟ್ಟೆ ಇರಲಿ. ಮೊದಲು ಬಟ್ಟೆಯಲ್ಲಿ ಒರೆಸಿ, ಬಣ್ಣ ಬಂದರೆ ಅಲ್ಲಿಗೇ ಎದ್ದು ಬನ್ನಿ. ಸ್ಪ್ಯಾನರಿನಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ. ಬಿಗಿ ಇರುವುದು ಟಣ್ ಅನ್ನುತ್ತದೆ, ಸಡಿಲ ಇರುವುದು ಮಂಕಾಗಿ ಥಡ್ ಅನ್ನುತ್ತದೆ. ಆದರೆ ಟಣ್ ಅಂದಿದ್ದೆಲ್ಲ ಗಟ್ಟಿ ಅಂತಲ್ಲ, ನನ್ನ ಮುರಿದ ಐದರಲ್ಲಿ ಮೂರು ಚೆನ್ನಾಗೇ ಟಣ್ ಅಂದಿದ್ದವು. ಚಕ್ರ ತಿರುಗಿಸುವಾಗ ಟೈರ್ ನೋಡಬೇಡಿ, ರಿಮ್ಮಿನ ಅಂಚಿಗೆ ಒಂದು ಚಾಕ್‌ಪೀಸ್ ಹತ್ತಿರ ಹಿಡಿದು ನೋಡಿ, ರಿಮ್ಮೇ ಅಡ್ಡಾಡುತ್ತಿದ್ದರೆ ಗೊತ್ತಾಗುತ್ತದೆ. ಟೈರಿನ ಮೇಲೆ ತಯಾರಾದ ವಾರ, ವರ್ಷದ ನಾಲ್ಕಂಕಿ ಇರುತ್ತದೆ. ನನ್ನದರಲ್ಲಿ 2708 ಅಂತಿತ್ತು. ಅಂದರೆ 2008ರ 27ನೇ ವಾರದ ಟೈರು, ಗಾಡಿ ನಿಲ್ಲಿಸುವ ಮೊದಲಿನದೇ. ಗಾಡಿ ನಿಲ್ಲಿಸಿದ ಮೇಲೆ ಆ ಚಕ್ರ ಬಿಚ್ಚಿ ಒಳಗೆ ನೋಡಿದವರೇ ಇಲ್ಲ ಅಂತ ಅಷ್ಟರಲ್ಲೇ ಗೊತ್ತಾಗಬೇಕಿತ್ತು. ಟೈರ್ ಬಿಚ್ಚಲು ಬಿಡದಿದ್ದರೆ ಎರಡೂ ಚಕ್ರ ಹೋಗಿದೆ ಅಂತಲೇ ಲೆಕ್ಕ ಹಾಕಿ ರೇಟು ಹೇಳಿ.

ಈಗ ಯಾಕೆ ಬರೆದೆ ಅಂದರೆ, ನಿನ್ನೆ ಗೆಳೆಯನೊಬ್ಬ ಒಂದು ಫೋಟೋ ಕಳಿಸಿ "ಇದು ಹೇಗಿದೆ ನೋಡು, ಅಡ್ವಾನ್ಸ್ ಕೊಡೋಣ ಅಂತಿದೀನಿ" ಅಂದ. ಹಳೇ ಜಾವಾ. ಟ್ಯಾಂಕ್ ಮೇಲೆ ಧೂಳು, ಸೈಲೆನ್ಸರ್ ಕೆಂಪು, ಚಕ್ರ ಫಳಫಳ. ಹಿಂದೆ ಇರುವ ಹಸಿರು ಗೋಡೆ ನನ್ನ ಗಾಡಿಯ ಫೋಟೋದಲ್ಲಿ ಇದ್ದದ್ದೇ. ಅವನನ್ನು ತಡೆದೆ. ಆದರೆ ಆ ಫೋಟೋ ಇನ್ನೂ ಎಷ್ಟು ಜನರ ಕೈಗೆ ಹೋಗಿದೆಯೋ. ನಿಮಗೂ ಬಂದಿದ್ದರೆ, ದುಡ್ಡು ಹಾಕುವ ಮೊದಲು ಆ ಚಕ್ರ ಇಳಿಸಿ, ಟೈರ್ ಬಿಚ್ಚಿಸಿ.