ಆ್ಯಪ್ ಥೆರಪಿನಾ, ಜಯನಗರದ ಮೇಡಂ ಹತ್ತಿರಾನಾ?

ಮನಸ್ಸಿನ ಕಾಟಕ್ಕೆ ಥೆರಪಿ ಫೋನಿನ ಆ್ಯಪ್‌ನಲ್ಲಿ ತಗೋಬೇಕಾ, ಎದುರಿಗೆ ಕೂತು ಥೆರಪಿ ಕೊಡುವ ಜಯನಗರದ ಮೇಡಂ ಹತ್ತಿರಾನಾ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೇಡಂಗೆ. ಆರು ಸೆಷನ್‌ಗೆ ಅಂತ ಆ್ಯಪ್ ಒಂದಕ್ಕೆ 7,200 ರೂಪಾಯಿ ಕಟ್ಟಿ, ಬೇಸತ್ತು ಅಲ್ಲಿಗೆ ಹೋದವಳು ನಾನು. ಹಾಗಾಗಿ ತಕ್ಕಡಿ ಒಂದು ಕಡೆಗೇ ವಾಲುತ್ತದೆ.

ನಂದು ಅಕೌಂಟ್ಸ್ ಕೆಲಸ. ಎರಡು ವರ್ಷದ ಹಿಂದೆ ಒಂದೇ ಇನ್‌ವಾಯ್ಸನ್ನು ಎರಡು ಸಲ ಎಂಟ್ರಿ ಮಾಡಿದ್ದೆ. ಎಲ್ಲರೆದುರು ಬೈಸಿಕೊಂಡೆ. ತಪ್ಪು ಮಾರನೇ ದಿನವೇ ಸರಿಹೋಯಿತು, ನಾನು ಸರಿಹೋಗಲಿಲ್ಲ. ತಿಂಗಳ 20ನೇ ತಾರೀಖು ಹತ್ತಿರ ಬಂದರೆ, ಅಂದರೆ ಜಿಎಸ್‌ಟಿ ರಿಟರ್ನ್ ಹಾಕುವ ಹೊತ್ತಿಗೆ, ಒಂದೇ ಶೀಟನ್ನು ಐದಾರು ಸಲ ನೋಡುತ್ತಿದ್ದೆ. ಆಮೇಲೆ ಈ ಕಾಟ ಮನೆಗೂ ಬಂತು. ಗ್ಯಾಸ್ ಆಫ್ ಮಾಡಿದೆನಾ? ಅಣ್ಣನ ಮಗಳಿಗೆ ತಂದ ಫ್ರಾಕಿನ ಬಣ್ಣ ಸರೀನಾ? ಎಲ್ಲದಕ್ಕೂ ಇನ್ನೊಬ್ಬರ ಬಾಯಿಂದ ‘ಸರಿ’ ಅನ್ನಿಸಿಕೊಳ್ಳಬೇಕು.

ಮನೆಯಿಂದಲೇ ಮುಗಿಯುತ್ತದಲ್ಲ ಅಂತ ಆ್ಯಪ್ ಹಾಕಿಕೊಂಡೆ. ತೆರೆದರೆ ನಲವತ್ತು ಫೋಟೋ. ಇವರಲ್ಲಿ ನಿಮಗೆ ಹೊಂದುವವರನ್ನು ಆರಿಸಿ ಅನ್ನುತ್ತದೆ. ಆರಿಸೋಕೆ ಆಗಲ್ಲ ಅಂತ ತಾನೇ ನಾನು ಬಂದಿರುವುದು! ಮೂರು ರಾತ್ರಿ ಅದಕ್ಕೇ ಹೋಯಿತು. ಕೊನೆಗೆ ಅಣ್ಣನನ್ನೇ ಕೇಳಿ ಒಬ್ಬರನ್ನು ಒತ್ತಿದೆ.

ಇನ್ನು ಮಾತಾಡುವುದೆಲ್ಲಿ? ನಮ್ಮದು ಎರಡು ರೂಮಿನ ಮನೆ, ಹಾಲ್‌ನಲ್ಲಿ ಅಮ್ಮನ ಧಾರಾವಾಹಿ. ಬೇಸ್‌ಮೆಂಟಿನಲ್ಲಿ ಸ್ಕೂಟರ್ ಮೇಲೆ ಕೂತು ವಿಡಿಯೋ ಕಾಲ್ ಮಾಡಿದೆ. ಕಣ್ಣೀರು ಬರುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು. ವಾಚ್‌ಮನ್ ಬಂದು, “ಯಾಕಮ್ಮಾ, ಗಾಡಿ ಸ್ಟಾರ್ಟ್ ಆಗ್ತಿಲ್ವಾ?” ಅಂದ.

ಇದನ್ನೆಲ್ಲ ಸಹಿಸಬಹುದಿತ್ತು. ತಲೆಕೆಟ್ಟಿದ್ದು ಅದರ ಚಾಟ್‌ನಿಂದ. ಯಾವಾಗ ಬೇಕಾದರೂ ಮೆಸೇಜ್ ಹಾಕಬಹುದು. ನಾನು ಹಾಕಿದೆ. “ಈ ಮೇಲ್ ಕಳಿಸಿದ್ದು ಸರೀನಾ?” ಉತ್ತರ ಬಂತು: ಖಂಡಿತ ಸರಿ, ನಿಮ್ಮ ಮೇಲೆ ನಂಬಿಕೆ ಇಡಿ. ಎದೆ ಹಗುರಾಯಿತು. ಒಂದು ಗಂಟೆ ಅಷ್ಟೇ, ಮತ್ತೆ ಇನ್ನೊಂದು ಪ್ರಶ್ನೆ. ಒಂದು ಭಾನುವಾರ ಎಣಿಸಿ ನೋಡಿದರೆ ಆ ವಾರ 31 ಮೆಸೇಜು. ಮುಂಚೆ ಅಣ್ಣನನ್ನು ಪುಕ್ಕಟೆ ಕೇಳುತ್ತಿದ್ದೆ, ಈಗ ದುಡ್ಡು ಕೊಟ್ಟು ಕೇಳುತ್ತಿದ್ದೆ. ಮೂರನೇ ಸೆಷನ್‌ಗೆ ಕೌನ್ಸೆಲರ್ ಬೇರೆ ಬದಲಾದರು. ಮತ್ತೆ ಇನ್‌ವಾಯ್ಸ್ ಕಥೆ ಮೊದಲಿಂದ. ನಾಲ್ಕಕ್ಕೆ ನಿಲ್ಲಿಸಿದೆ.

ಜಯನಗರ ಮೆಟ್ರೋದಲ್ಲಿ ನಮ್ಮ ಕೋಣನಕುಂಟೆ ಕ್ರಾಸ್‌ನಿಂದ ಐದನೇ ಸ್ಟೇಷನ್. ಮೇಡಂ ಫೀಸು ಸೆಷನ್‌ಗೆ 1,500. ಶನಿವಾರದ ಟ್ಯಾಲಿ ಕ್ಲಾಸ್ ಅಂತ ಅಮ್ಮನಿಗೆ ಹೇಳಿದ್ದೆ. (ಈಗ ಅವರಿಗೂ ಗೊತ್ತು.)

ಮೊದಲ ದಿನವೇ ಕೇಳಿದೆ, “ನಾನು ಮಾಡಿದ್ದು ಸರೀನಾ ಮೇಡಂ?” ಅವರು ನಕ್ಕರು. “ಅದಕ್ಕೆ ನಾನು ಉತ್ತರ ಕೊಡಲ್ಲ. ನಾನು ಸರಿ ಅಂದ್ರೆ ನೀವು ನಂಬೋದು ನನ್ನನ್ನ.” ಸಿಟ್ಟು ಬಂತು. ಇಷ್ಟು ದುಡ್ಡು ಕೊಟ್ಟು ಉತ್ತರಾನೂ ಇಲ್ವಾ?

ಅದರ ಬದಲು ಒಂದು ನೋಟ್‌ಬುಕ್ ಹಿಡಿಸಿದರು. ಮೂರು ಕಾಲಂ: ಏನಾಗಬಹುದು ಅಂತ ಭಯ, ಏನು ಮಾಡಿದೆ, ನಿಜಕ್ಕೂ ಏನಾಯಿತು. ಇದು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ), ಅಂದರೆ ಯೋಚನೆ, ನಡವಳಿಕೆ ಎರಡನ್ನೂ ಪರೀಕ್ಷಿಸಿ ತಿದ್ದಿಕೊಳ್ಳುವ ಪದ್ಧತಿಯದ್ದು. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ್ದಂತೆ. ನಮ್ಮ ಲೆಕ್ಕದ ಪುಸ್ತಕದ ಥರವೇ ಇದ್ದದ್ದರಿಂದ ನನಗೆ ಬೇಗ ಹಿಡಿಸಿತು. ಮೊದಲ ವಾರ ಶೀಟನ್ನು ಎರಡೇ ಸಲ ನೋಡಿ ಕಳಿಸಬೇಕು. ಭಯಕ್ಕೆ ನೂರಕ್ಕೆ 90 ಹಾಕಿಕೊಂಡಿದ್ದೆ. ಏನೂ ಆಗಲಿಲ್ಲ. ಆಮೇಲೆ ಫೋರ್ತ್ ಬ್ಲಾಕ್‌ನಲ್ಲಿ ಯಾರಿಗೂ ಫೋಟೋ ಕಳಿಸದೆ ಒಂದು ಸೀರೆ ಕೊಂಡೆ. ಅಮ್ಮ ನೋಡಿ, “ಬಣ್ಣ ಸ್ವಲ್ಪ ಡಲ್ ಅಲ್ವಾ?” ಅಂದರು. ವಾಪಸ್ ಕೊಡಲಿಲ್ಲ, ಉಡುತ್ತಿದ್ದೇನೆ.

ಎರಡನೇ ತಿಂಗಳಲ್ಲಿ ನಿಜಕ್ಕೂ ಒಂದು ಅಂಕಿ ತಪ್ಪಿತು. ಮಾರನೇ ದಿನ ನಾನೇ ಹಿಡಿದೆ, ನಾನೇ ಮ್ಯಾನೇಜರಿಗೆ ಹೇಳಿದೆ, ಸರಿಪಡಿಸಿದೆ. ಹತ್ತು ನಿಮಿಷದ ಕೆಲಸ. ಮೇಡಂ ಎಲ್ಲಕ್ಕಿಂತ ಜಾಸ್ತಿ ಹೊತ್ತು ಮಾತಾಡಿದ್ದು ಆ ಪುಟದ ಬಗ್ಗೆಯೇ.

ಭಾಷೆ: ಮೇಡಂ ಹತ್ತಿರ ಕನ್ನಡ. ಆ್ಯಪ್‌ನಲ್ಲಿ ‘ಅಳುಕು’ ಅನ್ನೋದನ್ನ ಇಂಗ್ಲಿಷಿನಲ್ಲಿ ಹೇಳೋಕೆ ಹೋಗಿ ಸೋತೆ.

ದುಡ್ಡೇ ಇಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಅಕ್ಟೋಬರ್ 2022ರಲ್ಲಿ ಶುರುವಾದದ್ದು, ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಒಂದು 19ನೇ ತಾರೀಖಿನ ರಾತ್ರಿ ನಾನೂ ಮಾಡಿದ್ದೆ, ನಿದ್ದೆ ಬಂತು. ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸ್‌ನವರ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ನಾನು ಹೋಗಿಲ್ಲ, ಅದಕ್ಕೆ ಅಂಕ ಕೊಡುವುದಿಲ್ಲ. ಯಾರಾದರೂ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿಕೊಂಡಿದ್ದರೆ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಇದೆಯಾ ಅಂತ ಕೇಳಿ, ಸಂಕೋಚ ಬೇಡ.

ಬಾಗಿಲು ಹಾಕಿಕೊಳ್ಳಲು ಸ್ವಂತ ರೂಮಿದ್ದು, ಮೆಸೇಜ್ ಹಾಕುವ ಚಟ ಇಲ್ಲದವರಿಗೆ ಆ್ಯಪ್ ಸಾಕಾಗಬಹುದು. ನನಗೆ ಎರಡೂ ಉಲ್ಟಾ. ವಾರಕ್ಕೊಮ್ಮೆ ಅಂದರೆ ತಿಂಗಳಿಗೆ 6,000, ನನ್ನ ಸಂಬಳಕ್ಕೆ ಭಾರವೇ. ಎರಡು ತಿಂಗಳು ಹಾಗೆ ಹೋದೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಈಗ ತಿಂಗಳಿಗೊಂದೇ ಸಲ.

ಆ್ಯಪ್‌ನಲ್ಲಿ ನನ್ನ ಎರಡು ಸೆಷನ್ ಇನ್ನೂ ಹಾಗೇ ಬಿದ್ದಿದೆ. ರೀಫಂಡ್ ಇಲ್ಲವಂತೆ. ಆಫೀಸಿನ ಗೆಳತಿಗಾದರೂ ಕೊಡೋಣ ಅಂದರೆ ಬೇರೆಯವರ ಹೆಸರಿಗೂ ಮಾಡಿಕೊಡಲ್ಲವಂತೆ.