ರಿಯಲ್‌ಟೆಕ್, ಡಾಂಗಲ್, ಇಂಟೆಲ್: ಒಂದು ಲ್ಯಾಪ್‌ಟಾಪಿನ ಮೂರು ವೈಫೈ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಟೆಲ್ ಎಎಕ್ಸ್210 ಎಂಬ ವೈಫೈ ಕಾರ್ಡಿನ ಪಕ್ಷ. ಒಂದೂವರೆ ತಿಂಗಳು ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಜತೆ ಗುದ್ದಾಡಿ, ನಡುವೆ ಯುಎಸ್‌ಬಿಗೆ ಸಿಕ್ಕಿಸುವ ವೈಫೈ ಡಾಂಗಲ್‌ಗೆ ದುಡ್ಡು ಸುರಿದು, ಕೊನೆಗೆ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿದವನ ಮಾತು ಇದು.

ಕ್ಯಾತಸಂದ್ರದಲ್ಲಿ ನನ್ನದು ಡಿಟಿಪಿ ಕೆಲಸ. ಲಗ್ನಪತ್ರಿಕೆಗೆ ವಿಂಡೋಸ್ ಬೇಕೇ ಬೇಕು; ಹಳೆಯ ಕಡತಗಳೆಲ್ಲ ನುಡಿ ಅಕ್ಷರದಲ್ಲಿ, ಪೇಜ್‌ಮೇಕರಿನಲ್ಲಿವೆ. ಉಳಿದದ್ದಕ್ಕೆಲ್ಲ ಅದೇ ಯಂತ್ರದಲ್ಲಿರುವ ಉಬುಂಟು 24.04 ಎಂಬ ಲಿನಕ್ಸ್. ಯಂತ್ರದ ಜತೆಗೇ ಬಂದಿದ್ದ ಕಾರ್ಡ್ ರಿಯಲ್‌ಟೆಕ್ ಆರ್‌ಟಿಎಲ್8821ಸಿಇ.

ಇದರ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲ್ಲಿನೊಳಗೆ 5.9ನೇ ಆವೃತ್ತಿಯಿಂದಲೇ ಇದೆ. ಆದರೂ ನನ್ನ ಯಂತ್ರದಲ್ಲಿ ಮುದ್ರಣಾಲಯಕ್ಕೆ ಪಿಡಿಎಫ್ ಕಳಿಸುವಾಗ ಅರ್ಧದಲ್ಲೇ ಸಂಪರ್ಕ ಬಿದ್ದುಹೋಗುತ್ತಿತ್ತು. ಬೇರೆ ಡ್ರೈವರನ್ನು ಡಿಕೆಎಂಎಸ್ (ಕರ್ನಲ್ ಹೊಸದಾದಾಗಲೆಲ್ಲ ಡ್ರೈವರನ್ನು ಮತ್ತೆ ಕಟ್ಟುವ ಸಾಧನ) ಮೂಲಕ ಕಟ್ಟಿಕೊಂಡೆ. ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದ್ದುದರಿಂದ ಅದಕ್ಕೊಂದು ಪಾಸ್‌ವರ್ಡ್ ಕೊಟ್ಟು, ಮರುಚಾಲನೆಯಲ್ಲಿ ಬರುವ ನೀಲಿ ಪರದೆಯಲ್ಲಿ ಕೀಲಿಯನ್ನು ನೋಂದಾಯಿಸಬೇಕು. ಆ ಪರದೆ ಕಾಯುವುದು ಹತ್ತೇ ಸೆಕೆಂಡು. ನಾನು ಕಾಫಿ ತರಲು ಎದ್ದಿದ್ದೆ. ಎಲ್ಲವೂ ಮೊದಲಿನಿಂದ! ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಕರ್ನಲ್ ಹೊಸದಾಯಿತು, ಡ್ರೈವರ್ ಕಟ್ಟಿಕೊಳ್ಳಲಿಲ್ಲ. ಮೊಬೈಲನ್ನು ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿ ಇಂಟರ್ನೆಟ್ ಎರವಲು ಪಡೆದು ರಿಪೇರಿ ಮಾಡಿದೆ.

ಬೇಸತ್ತು ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ 450 ರೂಪಾಯಿಯ ಡಾಂಗಲ್ ತಂದೆ. "ಲಿನಕ್ಸ್‌ಗೂ ಆಗುತ್ತದೆ ಸಾರ್, ತೆಗೆದುಕೊಂಡು ಹೋಗಿ" ಎಂದರು. ಡಬ್ಬಿಯ ಮೇಲೂ ಹಾಗೆಯೇ ಇತ್ತು. ಸಿಕ್ಕಿಸಿದರೆ ವೈಫೈ ಬದಲು ಒಂದು ಸಿಡಿ ಡ್ರೈವ್ ಕಾಣಿಸಿತು, ಅದರೊಳಗೆ ವಿಂಡೋಸ್ ಡ್ರೈವರಿನ ಕಡತ! ಆ ಸಿಡಿಯನ್ನು ಇಜೆಕ್ಟ್ ಮಾಡಿದ ಮೇಲೆಯೇ ಅದು ತಾನು ವೈಫೈ ಎಂದು ಒಪ್ಪಿಕೊಂಡಿತು. ಒಳಗಿದ್ದ ಚಿಪ್? ಮತ್ತೆ ರಿಯಲ್‌ಟೆಕ್, ಮತ್ತೆ ಡಿಕೆಎಂಎಸ್. ಡಾಂಗಲ್ಲೇ ಬೇಕೆನ್ನುವವರು ಎಆರ್9271 ಅಥವಾ ಎಂಟಿ7601ಯು ಚಿಪ್ ಇರುವುದನ್ನು ಕೇಳಿ ಕೊಳ್ಳಿ; ಎರಡಕ್ಕೂ ಡ್ರೈವರ್ ಕರ್ನಲ್ಲಿನಲ್ಲೇ ಇದೆ, ಆದರೆ 2.4 ಗಿಗಾಹರ್ಟ್ಸ್ ಮಾತ್ರ.

ಎಎಕ್ಸ್210ಕ್ಕೆ 1,900 ರೂಪಾಯಿ ಆಯಿತು. ತರಿಸಿಕೊಡುವವರು ಎಎಕ್ಸ್211 ಕೊಡಲು ಬಂದಿದ್ದರು. ಅದು ಇಂಟೆಲ್‌ನ ಕೆಲವು ಹೊಸ ಪ್ರೊಸೆಸರ್‌ಗಳ ಜತೆಗಷ್ಟೇ ನಡೆಯುವಂಥದ್ದು, ಬೇಡವೆಂದೆ. ಒಂದು ಸ್ಕ್ರೂ ಬಿಚ್ಚಿದರೆ ಹಳೆಯದು ಹೊರಗೆ. ಕಷ್ಟವೆಲ್ಲ ರಾಗಿ ಕಾಳಿನಷ್ಟಿರುವ ಆಂಟೆನಾ ಗುಂಡಿಗಳನ್ನು ಕೂರಿಸುವುದರಲ್ಲಿ. ಒಂದು ಕೂರಲು ಕಾಲು ಗಂಟೆ, ಎರಡು ಸಲ ಕನ್ನಡಕ ಒರೆಸಿಕೊಂಡೆ. ಡ್ರೈವರ್ 5.10ರಿಂದಲೂ ಕರ್ನಲ್ಲಿನಲ್ಲಿರುವುದರಿಂದ ಏನನ್ನೂ ಕಟ್ಟಬೇಕಿರಲಿಲ್ಲ.

ಮಾರನೆಯ ಬೆಳಿಗ್ಗೆ ಉಬುಂಟು ತೆರೆದರೆ ವೈಫೈ ಇಲ್ಲ. ಸಂಜೆ ಇದೆ. ಮರುದಿನ ಬೆಳಿಗ್ಗೆ ಮತ್ತೆ ಇಲ್ಲ. ಲಾಗ್ ತುಂಬ ಮೈನಸ್ 110, ಅಂದರೆ ಸಮಯದೊಳಗೆ ಉತ್ತರ ಬರಲಿಲ್ಲ ಎಂಬ ದೋಷ. ಕಾರ್ಡೇ ಕೆಟ್ಟಿದೆ ಎಂದು ವಾಪಸ್ ಕೊಡಲು ಡಬ್ಬಿಯನ್ನೂ ಹುಡುಕಿಟ್ಟಿದ್ದೆ. ವಿಂಡೋಸಿನಿಂದ ರೀಸ್ಟಾರ್ಟ್ ಮಾಡಿ ಬಂದರೆ ಸರಿ, ಶಟ್‌ಡೌನ್ ಮಾಡಿ ಬಂದರೆ ಇಲ್ಲ ಎಂಬುದು ಹೊಳೆದದ್ದು ನಾಲ್ಕನೆಯ ದಿನ. ಉಲ್ಟಾ ಅನ್ನಿಸುತ್ತದೆ, ಆದರೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಇರುವುದೇ ಹೀಗೆ: ಶಟ್‌ಡೌನ್ ಎಂದರೂ ಅದು ತನ್ನ ಕರ್ನಲ್ಲನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಕಾರ್ಡನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಮಾತ್ರ ನಿಜವಾಗಿ ಕೈಬಿಡುತ್ತದೆ. ಲಗ್ನಪತ್ರಿಕೆಗಳಿರುವ ವಿಂಡೋಸ್ ಪಾರ್ಟಿಷನ್ (ಡಿಸ್ಕಿನ ಭಾಗ) ಉಬುಂಟುವಿನಲ್ಲಿ ಓದಲಷ್ಟೇ ತೆರೆದುಕೊಳ್ಳುತ್ತಿದ್ದುದೂ ಇದೇ ಕಾರಣಕ್ಕೆ. ಆ ಸುಳಿವನ್ನು ತಿಂಗಳುಗಟ್ಟಲೆ ಕಡೆಗಣಿಸಿದ್ದೆ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ಪಿನ ಗುರುತು ತೆಗೆದೆ, ಅಷ್ಟೇ. ಹಳೆಯ ರಿಯಲ್‌ಟೆಕ್ ಕೆಲವು ಬೆಳಿಗ್ಗೆ ಕಾಣೆಯಾಗುತ್ತಿದ್ದುದಕ್ಕೂ ಇದೇ ಕಾರಣ ಇರಬೇಕು. ಪಾಪ, ಅದಕ್ಕೆ ಬೈದದ್ದರಲ್ಲಿ ಅರ್ಧ ವಾಪಸ್.

ಅರ್ಧ ಮಾತ್ರ. ಮದುವೆ ಸುಗ್ಗಿಯಲ್ಲಿ ದಿನಕ್ಕೆ ನಾಲ್ಕು ಸಲ ಅತ್ತಿಂದಿತ್ತ ಬೂಟ್ ಮಾಡುವ ನನಗೆ 1,900 ದುಬಾರಿಯಲ್ಲ. ವಾರಕ್ಕೊಮ್ಮೆ ಲಿನಕ್ಸ್ ತೆರೆಯುವವರು ಮೊದಲು ಆ ಗುರುತು ತೆಗೆದು ನೋಡಲಿ; ಆಮೇಲೂ ಸಾಲದಿದ್ದರೆ ಮೊಬೈಲ್ ತಂತಿಯೇ ಸಾಕು.

ಡಾಂಗಲ್ ಗಲ್ಲಾಪೆಟ್ಟಿಗೆಯಲ್ಲಿ ಬಿದ್ದಿದೆ. ವಿಂಡೋಸ್ ಒಂದೇ ಇರುವವರು ಯಾರಾದರೂ ಬಂದರೆ ಇನ್ನೂರಕ್ಕೆ ಕೊಡುತ್ತೇನೆ.