ಆಫೀಸಿಗೂ ಅದೇ ಟೈರ್, ಟ್ರ್ಯಾಕಿಗೂ ಅದೇ ಟೈರ್: ಐದು ವರ್ಷ, 32,000 ಕಿ.ಮೀ.

ನನ್ನ ಬೈಕು ಅಪಾಚೆ ಆರ್‌ಆರ್ 310. ಬಿಎಸ್6 ಮಾಡೆಲ್, 2020ರ ನವೆಂಬರ್‌ನಲ್ಲಿ ತಗೊಂಡಿದ್ದು. ಈಗ ಮೂರನೇ ಜೋಡಿ ಟೈರ್ ಓಡುತ್ತಿದೆ. ಮೊದಲನೆಯದು ಬೈಕಿನ ಜೊತೆಗೇ ಬಂದ ಮಿಶೆಲಿನ್ ರೋಡ್ 5. ಎರಡನೆಯದು ಟ್ರ್ಯಾಕ್ ಕಡೆಗೆ ವಾಲಿದ, ಮೆತ್ತನೆ ರಬ್ಬರಿನ ಒಂದು ಸ್ಪೋರ್ಟ್ ಟೈರ್. ಮೂರನೆಯದು ಮತ್ತೆ ರೋಡ್ 5. ಮಧ್ಯದಲ್ಲಿ ಯಾಕೆ ಬದಲಾಯಿಸಿದೆ, ಯಾಕೆ ವಾಪಸ್ ಬಂದೆ ಅನ್ನೋದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಮನಸ್ಸಿನಲ್ಲಿತ್ತು.

ಮೊದಲು ನನ್ನ ಓಡಾಟ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ಟೈರ್ ವಿಷಯದಲ್ಲಿ ಯಾರ ಮಾತು ಕೇಳಿದರೂ ಉಪಯೋಗ ಇಲ್ಲ. ಮನೆ ಜೆ.ಪಿ. ನಗರ, ಆಫೀಸು ಬೆಳ್ಳಂದೂರು. ವಾರಕ್ಕೆ ಮೂರು ದಿನ ಸಿಲ್ಕ್ ಬೋರ್ಡ್ ದಾಟಿ ಔಟರ್ ರಿಂಗ್ ರೋಡಿನಲ್ಲಿ ಹೋಗಿ ಬರುತ್ತೇನೆ. ತಿಂಗಳಿಗೆ ಒಂದು ಸಲ ನಂದಿ ಕಡೆಗೋ ಕನಕಪುರ ರಸ್ತೆಗೋ ಬೆಳಿಗ್ಗೆ ಒಂದು ರೌಂಡು. ಮಳೆಗಾಲದಲ್ಲಿ ಒಂದು ಸಲವಾದರೂ ಚಾರ್ಮಾಡಿ. ಇದರ ಜೊತೆಗೆ ಇಲ್ಲಿಯವರೆಗೆ ಏಳು ಟ್ರ್ಯಾಕ್ ಡೇ (ಫೀ ಕಟ್ಟಿ ನಮ್ಮ ಬೈಕನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ), ಎಲ್ಲವೂ ಚೆನ್ನೈ ಹತ್ತಿರದ ಇರುಂಗಟ್ಟುಕೋಟೈನಲ್ಲಿ. ಅಲ್ಲಿಗೂ ಬೈಕನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗುವುದಿಲ್ಲ, ಓಡಿಸಿಕೊಂಡೇ ಹೋಗಿ ಬರುತ್ತೇನೆ. ಹೊಸೂರು, ಕೃಷ್ಣಗಿರಿ, ಆಂಬೂರು, ವೆಲ್ಲೂರು. ಒಂದು ಕಡೆಗೆ ಸುಮಾರು 300 ಕಿ.ಮೀ. ಈ ವಾಪಸ್ ಬರುವ ದಾರಿಯನ್ನು ಟೈರ್ ಆರಿಸುವಾಗ ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನಾನೂ ತಗೊಂಡಿರಲಿಲ್ಲ.

ಸೈಜು ಮುಂದೆ 110/70, ಹಿಂದೆ 150/60, ಎರಡೂ 17 ಇಂಚು. 150 ಅಂದರೆ ಟೈರಿನ ಅಗಲ ಮಿಲಿಮೀಟರ್‌ನಲ್ಲಿ. 60 ಅಂದರೆ ಪಕ್ಕದ ಎತ್ತರ ಆ ಅಗಲದ ನೂರಕ್ಕೆ ಅರವತ್ತು, ಅಂದರೆ 90 ಮಿ.ಮೀ. ಕೊನೆಯಲ್ಲಿ ಇರುವ ಅಕ್ಷರ ವೇಗದ ಮಿತಿ: ಎಚ್ ಇದ್ದರೆ 210, ವಿ ಇದ್ದರೆ 240, ಡಬ್ಲ್ಯೂ ಇದ್ದರೆ 270 ಕಿ.ಮೀ. ನಮ್ಮ ಬೈಕು ಅಷ್ಟು ವೇಗ ಹೋಗುವುದಿಲ್ಲ, ಹಾಗಾಗಿ ಆ ಅಕ್ಷರ ನೋಡಿ ಮರುಳಾಗಬೇಡಿ. ಹಿಂದೆ 160 ಹಾಕಿಸಿದರೆ ಗ್ರಿಪ್ ಜಾಸ್ತಿ ಅಂತ ಹೇಳುವವರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ರಿಮ್ ಅಗಲ ಅಷ್ಟೇ ಇರುವಾಗ ದೊಡ್ಡ ಟೈರ್ ಹಾಕಿದರೆ ಅದರ ಎರಡೂ ಅಂಚು ಒಳಗೆ ಚಿವುಟಿದ ಹಾಗೆ ಆಗಿ, ಮಧ್ಯ ಉಬ್ಬಿಕೊಂಡು, ಬೈಕು ತಿರುವಿಗೆ ಇಳಿಯುವ ರೀತಿಯೇ ಕೆಟ್ಟುಹೋಗುತ್ತದೆ. ಕಂಪನಿ ಕೊಟ್ಟ ಸೈಜೇ ಇರಲಿ.

ಮೊದಲ ಜೋಡಿಯಲ್ಲಿ ಹಿಂದಿನ ಟೈರ್ 13,500 ಕಿ.ಮೀ. ಬಂತು. ಆ ಎರಡು ವರ್ಷ ನನಗೆ ಟೈರ್ ಬಗ್ಗೆ ಯೋಚನೆಯೇ ಬರಲಿಲ್ಲ. ಈಗ ಹಿಂದೆ ತಿರುಗಿ ನೋಡಿದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇರೆ ಇಲ್ಲ. ಆದರೆ ಟ್ರ್ಯಾಕಿನಲ್ಲಿ ಮಾತ್ರ ಒಂದು ಆಸೆ ಹುಟ್ಟಿತ್ತು. ಇರುಂಗಟ್ಟುಕೋಟೈನ ಟ್ರ್ಯಾಕ್ 3.717 ಕಿ.ಮೀ. ಉದ್ದ, 1990ರಿಂದ ಇರುವುದು. ಮಧ್ಯಾಹ್ನದ ಹೊತ್ತಿಗೆ ಅಲ್ಲಿನ ಡಾಂಬರು ಬರಿಗಾಲಿಡಲು ಆಗದಷ್ಟು ಸುಡುತ್ತದೆ. ಅಂಥ ಬಿಸಿಲಿನಲ್ಲಿ ರೋಡ್ 5 ನಾಲ್ಕೈದು ಲ್ಯಾಪ್ ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ತಿರುವಿನಿಂದ ಹೊರಗೆ ಬರುತ್ತಾ ಥ್ರಾಟಲ್ ಕೊಟ್ಟಾಗ ಹಿಂಭಾಗ ಸ್ವಲ್ಪ ಸ್ವಲ್ಪವಾಗಿ ಜಾರುವುದಕ್ಕೆ ಶುರು ಮಾಡುತ್ತದೆ. ತಟ್ಟನೆ ಅಲ್ಲ, ಮೊದಲೇ ಹೇಳಿಯೇ ಜಾರುತ್ತದೆ. ಅದು ಸ್ಪೋರ್ಟ್ ಟೂರಿಂಗ್ ಟೈರ್. ಊರೂರು ಸುತ್ತುವುದಕ್ಕೆ, ಮಳೆಗೆ, ಜಾಸ್ತಿ ದೂರ ಬಾಳುವುದಕ್ಕೆ ಮಾಡಿದ್ದು. ಅದರಿಂದ ಇದಕ್ಕಿಂತ ಹೆಚ್ಚು ಕೇಳುವುದು ನ್ಯಾಯ ಅಲ್ಲ.

ಆದರೂ ಕೇಳಿದೆ. 2022ರ ಕೊನೆಯಲ್ಲಿ ಎರಡನೇ ಜೋಡಿ ಹಾಕಿಸಿದೆ. ಹೆಸರು ಹೇಳುವುದಿಲ್ಲ, ಯಾಕಂದರೆ ತಪ್ಪು ಟೈರಿನದಲ್ಲ, ನನ್ನ ಆಯ್ಕೆಯದು. ಮುಟ್ಟಿದರೇ ಗೊತ್ತಾಗುತ್ತಿತ್ತು, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಮನೆ ಹತ್ತಿರದ ಟೈರ್ ಅಂಗಡಿಯ ಅಣ್ಣ ಫಿಟ್ ಮಾಡುತ್ತಾ ಮಾಡುತ್ತಾ ಹೇಳಿದ್ದರು: "ಸಾರ್, ಇದು ಬಿಸಿ ಆಗೋಕೆ ಮುಂಚೆನೇ ನಿಮ್ಮ ಆಫೀಸು ಬಂದುಬಿಡುತ್ತೆ."

ಇಡೀ ವಿಷಯ ಆ ಒಂದು ಮಾತಿನಲ್ಲೇ ಇತ್ತು. ಪ್ರತಿ ರಬ್ಬರಿಗೂ ಅದರದ್ದೇ ಒಂದು ಹದ ಇರುತ್ತದೆ. ಟ್ರ್ಯಾಕ್ ಕಡೆಯ ರಬ್ಬರು ಬಿಸಿ ಆದಾಗ ಅಂಟಿನ ಹಾಗೆ ಹಿಡಿಯುತ್ತದೆ, ತಣ್ಣಗಿದ್ದಾಗ ಗಟ್ಟಿ. ಟೈರ್ ಬಿಸಿ ಆಗುವುದು ಅದು ಮಡಚಿ ಬಿಚ್ಚಿದಾಗ, ಅಂದರೆ ಜೋರಾಗಿ ಬ್ರೇಕ್ ಹಾಕಿದಾಗ, ಆಳವಾಗಿ ವಾಲಿಸಿದಾಗ, ಥ್ರಾಟಲ್ ತಿರುಗಿಸಿದಾಗ. ಸಿಲ್ಕ್ ಬೋರ್ಡಿನಲ್ಲಿ ಒಂದನೇ ಗೇರಿನಲ್ಲಿ ಕಾಲು ಕೆಳಗಿಟ್ಟುಕೊಂಡು ತೆವಳುವಾಗ ಇದ್ಯಾವುದೂ ಆಗುವುದಿಲ್ಲ, ಅಲ್ವಾ? ಅದರ ಮೇಲೆ ಬೆಂಗಳೂರಿನ ಬೆಳಗಿನ ಚಳಿ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಆರೂವರೆಗೆ ಹದಿನಾರು ಡಿಗ್ರಿ ಇರುವ ಊರು ಇದು. ರೋಡ್ 5ರಂಥ ಟೈರಿನ ರಬ್ಬರಿಗೆ ಸಿಲಿಕಾ ಸೇರಿಸಿರುತ್ತಾರೆ. ಅದಕ್ಕೇ ಅದು ತಣ್ಣಗಿದ್ದಾಗಲೂ, ಒದ್ದೆ ನೆಲದ ಮೇಲೂ ಮೆದುವಾಗೇ ಇರುತ್ತದೆ.

ಬಿದ್ದಿದ್ದು ಅಂಥದ್ದೇ ಒಂದು ಬೆಳಿಗ್ಗೆ. ಮನೆಯಿಂದ ಹೊರಟು ಎರಡು ಕಿಲೋಮೀಟರ್ ಕೂಡ ಆಗಿರಲಿಲ್ಲ. ಎಡಕ್ಕೆ ತಿರುಗುವ ಒಂದು ಕ್ರಾಸ್. ಮುಂದೆ ಹೋಗಿದ್ದ ನೀರಿನ ಟ್ಯಾಂಕರ್ ದಾರಿ ಉದ್ದಕ್ಕೂ ನೀರು ಚೆಲ್ಲಿಕೊಂಡು ಹೋಗಿತ್ತು, ತಿರುವಿನಲ್ಲಿ ಅದು ತುಳುಕಿ ಒಂದು ಪಟ್ಟೆ ಅಗಲವಾಗಿತ್ತು. ಮೇಲೆ ಸಣ್ಣ ಮಣ್ಣು. ವೇಗ ಇಪ್ಪತ್ತೈದು ಇದ್ದಿರಬಹುದು. ನಾನು ಏನೂ ಜೋರು ಮಾಡಲಿಲ್ಲ, ಎಂದಿನ ಹಾಗೆ ಥ್ರಾಟಲ್ ಕೊಟ್ಟೆ ಅಷ್ಟೇ, ಹಿಂದಿನ ಚಕ್ರ ಬಲಕ್ಕೆ ಹೋಗೇಬಿಟ್ಟಿತು. ನನ್ನ ಮಾಡೆಲ್‌ನಲ್ಲಿ ಎಬಿಎಸ್ ಇದೆ, ಥ್ರಾಟಲ್ ಕೊಟ್ಟಾಗ ಹಿಂದಿನ ಚಕ್ರ ಜಾರದ ಹಾಗೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ಇಲ್ಲ. ಮೊಣಕಾಲು ತರಚಿತು, ಕ್ಲಚ್ ಲಿವರ್ ಮುರಿಯಿತು, ಎಡಗಡೆ ಫೇರಿಂಗ್ ಮೇಲೆ ಒಂದು ಉದ್ದ ಗೀರು. ಹಾಲಿನ ಬೂತ್‌ನಲ್ಲಿದ್ದ ಇಬ್ಬರು ಓಡಿಬಂದು ಬೈಕು ಎತ್ತಿಕೊಟ್ಟರು. ಎದ್ದ ತಕ್ಷಣ ನಾನು ಮಾಡಿದ ಮೊದಲ ಕೆಲಸ ಗ್ಲೌಸ್ ತೆಗೆದು ಟೈರ್ ಮೇಲೆ ಅಂಗೈ ಇಟ್ಟಿದ್ದು. ಐಸಿನ ಹಾಗೆ ತಣ್ಣಗಿತ್ತು.

ಅದೇ ಟೈರ್ ಟ್ರ್ಯಾಕಿನಲ್ಲಿ ಹೇಗಿತ್ತು ಅಂತ ಕೇಳಿದರೆ, ಅದ್ಭುತ. ಇದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಉದ್ದನೆಯ ಸ್ಟ್ರೈಟ್ ಮುಗಿದ ಮೇಲೆ ಬರುವ ಸಿ1, ವೇಗದ ಬಲ ತಿರುವು. ಅಲ್ಲಿ ರೋಡ್ 5ರಲ್ಲಿ ನಾನು ಉಸಿರು ಬಿಗಿಹಿಡಿದು ಹೋಗುತ್ತಿದ್ದೆ, ಇದರಲ್ಲಿ ಉಸಿರಾಡಿಕೊಂಡೇ ಹೋದೆ. ಲ್ಯಾಪ್‌ಗೆ ಮೂರು ಸೆಕೆಂಡಿನಷ್ಟು ಕಡಿಮೆಯಾಯಿತು. ಪಿಟ್‌ಗೆ ಬಂದು ನೋಡಿದರೆ ಟೈರಿನ ಅಂಚಿನಲ್ಲಿ ಸಾಸಿವೆ ಕಾಳಿನಂಥ ರಬ್ಬರ್ ಉಂಡೆಗಳು ಸಾಲಾಗಿ ಅಂಟಿಕೊಂಡಿದ್ದವು. ಟ್ರ್ಯಾಕ್ ಗಡಿಯಾರದ ದಿಕ್ಕಿನಲ್ಲಿ ಸುತ್ತುವುದರಿಂದ ಬಲಗಡೆ ಜಾಸ್ತಿ, ಎಡಗಡೆ ಕಡಿಮೆ. ಕೈ ಇಟ್ಟರೆ ಬಿಸಿ ಬಿಸಿ. ಅವತ್ತು ಅದಕ್ಕೆ ಬೇಕಾದ ಊಟ ಸಿಕ್ಕಿತ್ತು.

ಸಂಜೆ ಅದೇ ಟೈರಿನಲ್ಲಿ 300 ಕಿ.ಮೀ. ನೇರ ಹೆದ್ದಾರಿಯಲ್ಲಿ ವಾಪಸ್ ಬರಬೇಕಲ್ಲ. ಮೆತ್ತನೆ ರಬ್ಬರು ಮಧ್ಯದಲ್ಲೇ ಸವೆಯುತ್ತಾ ಬರುತ್ತದೆ. ಎರಡು ಟ್ರ್ಯಾಕ್ ಡೇ, ಅದರ ಓಡಾಟ, ಜೊತೆಗೆ ಆಫೀಸು ಸೇರಿ ಹಿಂದಿನ ಟೈರ್ ಮಧ್ಯದಲ್ಲಿ ಚಪ್ಪಟೆ ಆಯಿತು. ಚಪ್ಪಟೆ ಆದ ಟೈರ್ ಹೇಗಿರುತ್ತದೆ ಗೊತ್ತಾ? ನೇರ ಹೋಗುವಾಗ ಏನೂ ಗೊತ್ತಾಗುವುದಿಲ್ಲ. ವಾಲಿಸುವುದಕ್ಕೆ ಹೋದರೆ ಮೊದಲು ಬೈಕು ಒಪ್ಪುವುದಿಲ್ಲ, ಆಮೇಲೆ ಮೆಟ್ಟಿಲಿಂದ ಇಳಿದ ಹಾಗೆ ದಡಕ್ಕನೆ ಬೀಳುತ್ತದೆ. 6,200 ಕಿ.ಮೀ.ಗೆ ತೆಗೆದುಬಿಟ್ಟೆ. ಅಂಚಿನಲ್ಲಿ ಇನ್ನೂ ಒಳ್ಳೆ ರಬ್ಬರು ಉಳಿದಿತ್ತು, ಹೊಟ್ಟೆ ಉರಿಯಿತು.

ಮೂರನೇ ಜೋಡಿ ತಗೊಳ್ಳುವಾಗ ಜೆ.ಸಿ. ರಸ್ತೆಯಲ್ಲೆಲ್ಲ ಸುತ್ತಿದೆ. 2020ರ ಜೂನ್‌ನಲ್ಲಿ ಸರ್ಕಾರ ಹೊಸ ಟೈರುಗಳ ಆಮದಿಗೆ ಲೈಸೆನ್ಸ್ ಬೇಕು ಅಂತ ಮಾಡಿದ ಮೇಲೆ ಹೊರದೇಶದ ಟೈರುಗಳು ಬೇಕೆಂದಾಗ ಸಿಗುವುದಿಲ್ಲ, ಬೆಲೆಯೂ ಜಾಸ್ತಿ. ಜೋಡಿಗೆ ಕೊಟ್ಟ ದುಡ್ಡಿನಲ್ಲಿ ನಮ್ಮ ಏರಿಯಾದಲ್ಲಿ ಒಂದು ಸಣ್ಣ ಮನೆಯ ತಿಂಗಳ ಬಾಡಿಗೆ ಕಟ್ಟಬಹುದು. ಒಂದು ಅಂಗಡಿಯಲ್ಲಿ ತಕ್ಷಣ "ಇದೆ ಸಾರ್, ಒಂದೇ ಪೀಸ್" ಅಂತ ತಂದಿಟ್ಟರು. ಪಕ್ಕದ ಗೋಡೆಯಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅದರಲ್ಲಿ 3119 ಅಂತಿತ್ತು. ಅಂದರೆ 2019ರ ಮೂವತ್ತೊಂದನೇ ವಾರ. ನಾಲ್ಕು ವರ್ಷ ಗೋಡೌನಿನಲ್ಲಿ ಕೂತ ಟೈರಿಗೆ ಹೊಸದರ ಬೆಲೆ. ಬೇಡ ಅಂದಿದ್ದಕ್ಕೆ "ಅದೇನೂ ಆಗಲ್ಲ ಸಾರ್, ಎಲ್ಲಾ ತಗೊಂಡು ಹೋಗ್ತಾರೆ" ಅಂದರು. ಎಲ್ಲರೂ ತಗೊಂಡು ಹೋಗುತ್ತಿದ್ದಾರೆ ಅನ್ನುವುದೇ ನನಗೆ ಬೇಜಾರಾಗಿದ್ದು. ರಬ್ಬರು ಸುಮ್ನೆ ಇಟ್ಟರೂ ಗಟ್ಟಿಯಾಗುತ್ತಾ ಹೋಗುತ್ತದೆ. ದಯವಿಟ್ಟು ಫಿಟ್ ಮಾಡಿಸುವ ಮೊದಲೇ ಆ ಅಂಕಿ ಓದಿ. ರಿಮ್‌ಗೆ ಹಾಕಿದ ಮೇಲೆ ಯಾರೂ ವಾಪಸ್ ತಗೊಳ್ಳುವುದಿಲ್ಲ. ಕೊನೆಗೆ ನಮ್ಮ ಅಂಗಡಿಯ ಅಣ್ಣನೇ ಮೂರು ವಾರ ಕಾಯಿಸಿ ಹೊಸ ಸ್ಟಾಕ್ ತರಿಸಿಕೊಟ್ಟರು.

ಅಷ್ಟು ದುಡ್ಡು ಬೇಡ ಅನ್ನುವವರಿಗೆ ಇದೇ ಸೈಜಿನಲ್ಲಿ ನಮ್ಮಲ್ಲೇ ತಯಾರಾಗುವ ಅಪೊಲೊ ಆಲ್ಫಾ ಎಚ್1 ಇದೆ. ಸ್ನೇಹಿತನ ಡ್ಯೂಕ್‌ನಲ್ಲಿ ಎರಡು ದಿನ ಓಡಿಸಿದ್ದೇನೆ. ಒಣ ರಸ್ತೆಯಲ್ಲಿ ತುಂಬಾ ನಂಬಿಕೆ ಬಂತು. ಮಳೆಯಲ್ಲಿ ಓಡಿಸಿಲ್ಲ, ಹಾಗಾಗಿ ಅದರ ಬಗ್ಗೆ ಮಾತಾಡುವುದಿಲ್ಲ.

ಮಳೆ ಅಂದರೆ ರೋಡ್ 5ರ ಮನೆ. ಇದರ ಗೀರುಗಳು ನೀರನ್ನು ಹೊರಗೆ ಹಾಕುವುದಕ್ಕೆ ಅಂತಲೇ ಇರುವವು. 5,000 ಕಿ.ಮೀ.ಗೂ ಜಾಸ್ತಿ ಓಡಿದ ರೋಡ್ 5 ಒದ್ದೆ ರಸ್ತೆಯಲ್ಲಿ ತಮ್ಮದೇ ಹಳೆಯ ಪೈಲಟ್ ರೋಡ್ 4 ಹೊಸದಾಗಿದ್ದಾಗ ನಿಲ್ಲುವಷ್ಟೇ ದೂರದಲ್ಲಿ ನಿಲ್ಲುತ್ತದೆ ಅಂತ ಕಂಪನಿ ಹೇಳುತ್ತದೆ. ನಾನು ಅಳತೆ ಮಾಡಿಲ್ಲ, ಆದರೆ ನಂಬುತ್ತೇನೆ. ಹೋದ ಜುಲೈನಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಮಂಜು, ಜೋರು ಮಳೆ, ಬಂಡೆ ಮೇಲಿಂದ ನೀರು ರಸ್ತೆಗೆ ಅಡ್ಡ ಹರಿಯುತ್ತಿತ್ತು, ಅಂಚಿನಲ್ಲಿ ಪಾಚಿ. ರೈನ್ ಮೋಡ್‌ನಲ್ಲಿಟ್ಟು ಇಳಿದೆ. ಒಂದೇ ಒಂದು ಸಲವೂ ಮುಂದಿನ ಚಕ್ರ ಅಲುಗಲಿಲ್ಲ. ಆಗ ಅದು 9,000 ಓಡಿದ ಟೈರ್. ಊರಿನಲ್ಲೂ ಹಾಗೇ. ಏಪ್ರಿಲ್‌ನಲ್ಲಿ ಹೊಂಗೆ ಹೂವು ರಸ್ತೆ ತುಂಬಾ ಉದುರಿರುವಾಗ ಮೊದಲ ಮಳೆ ಬಂದರೆ ನೆಲ ಸೋಪು ಹಚ್ಚಿದ ಹಾಗೆ ಆಗುತ್ತದೆ. ಅಂಥ ಕಡೆ ಯಾವ ಟೈರನ್ನೂ ಪೂರ್ತಿ ನಂಬಬಾರದು, ಆದರೆ ಇದು ಜಾರಿದರೂ ಮತ್ತೆ ಹಿಡಿದುಕೊಳ್ಳುತ್ತದೆ.

ಗಾಳಿ ಬಗ್ಗೆ ಎರಡು ಮಾತು. ಬ್ರ್ಯಾಂಡಿಗಿಂತ ಇದೇ ಮುಖ್ಯ ಅಂತ ಈಗ ನನಗೆ ಅನಿಸುತ್ತದೆ. ಬಂಕಿನ ಮೀಟರುಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದು ಬಂಕಿನ 30 ಇನ್ನೊಂದರಲ್ಲಿ 34 ತೋರಿಸಿದ್ದನ್ನು ನೋಡಿದ್ದೇನೆ. ಒಂದು ಸಣ್ಣ ಗೇಜು ತಗೊಳ್ಳಿ, ಭಾನುವಾರ ಬೆಳಿಗ್ಗೆ ಬೈಕು ತೆಗೆಯುವ ಮೊದಲೇ ನೋಡಿ. ರಸ್ತೆಗೆ ಮ್ಯಾನ್ಯುಯಲ್ ಹೇಳಿದ್ದಷ್ಟೇ. ಟ್ರ್ಯಾಕಿಗೆ ಹೋದ ಮೇಲೆ ನಾನು ಸ್ವಲ್ಪ ಇಳಿಸುತ್ತೇನೆ, ಯಾಕಂದರೆ ಬಿಸಿಗೆ ಒಳಗಿನ ಗಾಳಿ ಹಿಗ್ಗುತ್ತದೆ. ಬೆಳಿಗ್ಗೆ 27 ಇಟ್ಟ ಹಿಂದಿನ ಟೈರ್ ಸೆಷನ್ ಮುಗಿಸಿ ಬಂದಾಗ 31 ತೋರಿಸಿತ್ತು. ಹೀಗೆ ನೋಡಿಕೊಂಡು, ಆರು ಲ್ಯಾಪ್ ಆದ ಮೇಲೆ ಒಳಗೆ ಬಂದು ಟೈರ್ ತಣ್ಣಗಾಗಲು ಬಿಟ್ಟರೆ, ರೋಡ್ 5ರಲ್ಲೇ ನನಗೆ ಟ್ರ್ಯಾಕ್ ಸಾಕಾಗುತ್ತದೆ. ಆ ಮೂರು ಸೆಕೆಂಡಿನಲ್ಲಿ ಒಂದೂವರೆ ಹಾಗೇ ವಾಪಸ್ ಸಿಕ್ಕಿದೆ, ಟೈರಿನಿಂದ ಅಲ್ಲ, ಥ್ರಾಟಲ್ ಮೆಲ್ಲಗೆ ತೆರೆಯುವುದನ್ನು ಕಲಿತದ್ದರಿಂದ. ವಾಪಸ್ ಬರುವಾಗ ಮತ್ತೆ ಗಾಳಿ ಹೊಡೆಸುವುದನ್ನು ಮರೆಯಬೇಡಿ. ಇನ್ನೊಂದು, ಪಂಕ್ಚರ್ ಆಗಿ ಸ್ಟ್ರಿಪ್ ಹಾಕಿಸಿದ ಟೈರಿನಲ್ಲಿ ಟ್ರ್ಯಾಕಿಗೆ ಇಳಿಯಬೇಡಿ. ಇದೇ ಕಾರಣಕ್ಕೆ ನಾನು ಒಂದು ಟ್ರ್ಯಾಕ್ ಡೇ ಬಿಟ್ಟಿದ್ದೇನೆ, ಕಟ್ಟಿದ ಫೀ ಹೋಯಿತು.

ಬೈಕನ್ನು ಟೆಂಪೋದಲ್ಲಿ ಕಳಿಸುವವರು, ಟ್ರ್ಯಾಕಿಗೆ ಅಂತಲೇ ಇನ್ನೊಂದು ಜೊತೆ ರಿಮ್ ಇಟ್ಟುಕೊಂಡವರು, ತಿಂಗಳಿಗೊಮ್ಮೆ ಹೋಗುವವರು ಮೆತ್ತನೆ ಟೈರನ್ನೇ ಹಾಕಿಸಿಕೊಳ್ಳಲಿ. ಆ ಸುಖ ಬೇರೆಯೇ. ಆಫೀಸಿಗೂ ಅದೇ ಬೈಕು ಅಂತಾದರೆ ನಿಮ್ಮ ಟೈರ್ ವರ್ಷದಲ್ಲಿ ಎಷ್ಟು ದಿನ ನಿಜವಾಗಿ ಬಿಸಿ ಆಗುತ್ತದೆ ಅಂತ ಬೆರಳು ಮಡಚಿ ಎಣಿಸಿ, ಆಮೇಲೆ ಅಂಗಡಿಗೆ ಹೋಗಿ.

ಈಗಿನ ಹಿಂದಿನ ಟೈರ್ 12,300 ಓಡಿದೆ, ಸವೆತದ ಗುರುತಿಗೆ ಇನ್ನು ಸ್ವಲ್ಪವೇ ಬಾಕಿ. ಮುಂದಿನ ತಿಂಗಳು ಮತ್ತೆ ಟ್ರ್ಯಾಕ್ ಇದೆ, ಅದಕ್ಕೆ ಮೊದಲೇ ಬದಲಾಯಿಸಿ, ಹೊಸ ಟೈರಿನ ಮಿನುಗು ಹೋಗುವಂತೆ ಕನಕಪುರ ರಸ್ತೆಯಲ್ಲಿ ನೂರೈವತ್ತು ಕಿಲೋಮೀಟರ್ ನಿಧಾನವಾಗಿ ಓಡಿಸಬೇಕು. ಅಂಗಡಿಯ ಅಣ್ಣನಿಗೆ ಈಗಲೇ ಹೇಳಿಟ್ಟಿದ್ದೇನೆ. "ಡೇಟ್ ನೋಡೇ ತರಿಸ್ತೀನಿ ಬಿಡಿ ಸಾರ್" ಅಂದಿದ್ದಾರೆ.